ತಾಳ ತಿರುಗುವ ಜಾಗ

ಚೆಂಬೂರಿನ ಹೌಸಿಂಗ್ ಸೊಸೈಟಿಯೊಂದರ ಮೂರನೇ ಮಹಡಿಯಲ್ಲಿ ಅಸಲಿ ಡ್ರಮ್ ಸೆಟ್ ಇಟ್ಟು ಬಾರಿಸಿದರೆ ಏನಾದೀತು ಎಂದು ಮುಂಬೈಯವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಮೊದಲು ಕೆಳಗಿನ ಮನೆಯವರು ಬೆಲ್ ಒತ್ತುತ್ತಾರೆ, ಆಮೇಲೆ ವಾಚ್‌ಮನ್ ಬರುತ್ತಾನೆ, ಕೊನೆಗೆ ಸೆಕ್ರೆಟರಿಯ ಸಹಿ ಇರುವ ಕಾಗದ ಬರುತ್ತದೆ. 2000ದ ಶಬ್ದಮಾಲಿನ್ಯ ನಿಯಮಗಳು ವಸತಿ ಪ್ರದೇಶಕ್ಕೆ ಹಗಲು 55, ರಾತ್ರಿ 45 ಡೆಸಿಬೆಲ್ ಮಿತಿ ಹಾಕಿವೆ. ಕೋಣೆಯೊಳಗೆ ಸ್ನೇರ್ ಡ್ರಮ್ಮಿನ ಒಂದು ಗಟ್ಟಿ ಏಟು ನೂರನ್ನು ಸಲೀಸಾಗಿ ದಾಟುತ್ತದೆ. ಜಾಗದ ಮಾತು ಬೇರೆ. ಕಿಕ್, ಸ್ನೇರ್, ಮೂರು ಟಾಮ್, ನಾಲ್ಕು ಸಿಂಬಲ್ ಹರಡಿಕೊಂಡರೆ ಒನ್ ರೂಮ್ ಕಿಚನ್ನಿನ ರೂಮ್ ಮುಗಿದೇಹೋಗುತ್ತದೆ. ಹೀಗಾಗಿ ಈ ಊರಿನ ಮನೆ ಸ್ಟುಡಿಯೋಗಳಲ್ಲಿ ಡ್ರಮ್ಸ್ ಅಂದರೆ ಲ್ಯಾಪ್‌ಟಾಪಿನೊಳಗಿನ ಡ್ರಮ್ಸ್. ಕನ್ನಡ ಸಂಘದ ರಾಜ್ಯೋತ್ಸವಕ್ಕೆ ಬೇಕಾದ ಭಾವಗೀತೆಯ ಟ್ರ್ಯಾಕ್ ಇರಲಿ, ಭಜನೆಯ ಆಲ್ಬಮ್ ಇರಲಿ, ತುಳು ನಾಟಕದ ಶೀರ್ಷಿಕೆ ಗೀತೆ ಇರಲಿ, ಹೆಡ್‌ಫೋನ್ ಹಾಕಿಕೊಂಡು ಮೌಸ್ ಹಿಡಿದು ಕೂತವರೇ ಅಲ್ಲಿ ವಾದಕರು.

ಈ ವಾದ್ಯ ಈಗ ಆಟಿಕೆಯಾಗಿ ಉಳಿದಿಲ್ಲ. ಸ್ವೀಡನ್ನಿನ ಟೂನ್‌ಟ್ರ್ಯಾಕ್ ಕಂಪನಿ 2006ರಲ್ಲಿ ಹೊರತಂದ ಈಝೀಡ್ರಮ್ಮರ್ 2022ರ ಹೊತ್ತಿಗೆ ಮೂರನೇ ಆವೃತ್ತಿ ಕಂಡಿತು. ಆಪಲ್ 2013ರಲ್ಲಿ ತನ್ನ ಲಾಜಿಕ್ ಪ್ರೊ ಒಳಗೇ ಒಬ್ಬ ‘ಡ್ರಮ್ಮರ್’ನನ್ನು ಕೂರಿಸಿತು. ಸ್ಟಾಕ್‌ಹೋಮ್‌ನ ಅಡಿಕ್ಟಿವ್ ಡ್ರಮ್ಸ್ ಇದೆ, ಜಾಮ್‌ಸ್ಟಿಕ್ಸ್ ಇದೆ, ಕಾಸು ಕೊಡದೆ ಸಿಗುವ ಹೈಡ್ರೋಜನ್ ಇದೆ. ದುಡ್ಡು ಕೊಟ್ಟು ಕೊಳ್ಳುವ ಇಂಥ ಸಾಫ್ಟ್‌ವೇರ್‌ಗಳಲ್ಲಿ ಕೇಳಿಸುವುದು ದೊಡ್ಡ ಸ್ಟುಡಿಯೋಗಳಲ್ಲಿ ಧ್ವನಿಮುದ್ರಿಸಿಕೊಂಡ ನಿಜವಾದ ಡ್ರಮ್ಮುಗಳ ನಾದ. ಒಂದೇ ಸ್ನೇರನ್ನು ಮೆಲ್ಲಗೆ, ಹದವಾಗಿ, ಜೋರಾಗಿ, ಹಲವು ಬಾರಿ ಹೊಡೆದು ಹಿಡಿದಿಟ್ಟಿರುತ್ತಾರೆ. ಏಟಿನ ಬಲಕ್ಕೆ 1ರಿಂದ 127ರವರೆಗೆ ಅಂಕ. ಒಂದೇ ಬಲದ ಎರಡು ಏಟು ಸಾಲಾಗಿ ಬಿದ್ದರೂ ಎರಡಕ್ಕೂ ಬೇರೆ ಬೇರೆ ಮುದ್ರಣ ನುಡಿಯುವುದರಿಂದ ಯಂತ್ರದ ಟಕಟಕ ಕೇಳುವುದಿಲ್ಲ. ಶಬ್ದ ಅಸಲಿಯೋ ನಕಲಿಯೋ ಎಂಬ ತಕರಾರು ಬಹುಮಟ್ಟಿಗೆ ಮುಗಿದಿದೆ.

ಮುಗಿಯದೇ ಇರುವ ತಕರಾರು ಬೇರೆಯದು. ಹಾಡಿನ ಯಾವ ಭಾಗಕ್ಕೆ ಯಾವ ನಡೆ, ಅಂದರೆ ಯಾವ ಗ್ರೂವ್? ಒಂದು ನಡೆಯಿಂದ ಇನ್ನೊಂದಕ್ಕೆ ದಾಟುವುದು ಎಲ್ಲಿ, ಹೇಗೆ? ನೂರಾರು ರೂಪಾಯಿಗೂ ಸಾವಿರಾರು ರೂಪಾಯಿಗೂ ನಡೆಗಳ ಗಂಟು ಸಿಗುತ್ತದೆ. ದಾಟುವ ಜಾಗವನ್ನು ಯಾರೂ ಗಂಟು ಕಟ್ಟಿ ಮಾರುವುದಿಲ್ಲ.

ನಾಲ್ಕು ನಿಮಿಷದ ಒಂದು ಹಾಡಿನ ಲೆಕ್ಕ ಹಾಕಿ ನೋಡಿ. ನಿಮಿಷಕ್ಕೆ 96 ಬೀಟ್ ಎಂದಾದರೆ ಒಟ್ಟು 384 ಬೀಟ್, ಬಾರಿಗೆ ನಾಲ್ಕರಂತೆ 96 ಬಾರ್. ಇಂಟ್ರೋಗೆ 8, ಪಲ್ಲವಿಗೆ 12, ವಾದಕರ ಬಾಯಲ್ಲಿ ‘ಎಂ ಒನ್’ ಎನಿಸಿಕೊಳ್ಳುವ ಮೊದಲ ನಡುಸಂಗೀತಕ್ಕೆ 12, ಚರಣಕ್ಕೆ 16, ಮತ್ತೆ ಪಲ್ಲವಿಯ ಸಾಲಿಗೆ 4. ಆಮೇಲೆ ಎಂ ಟೂಗೆ 12, ಎರಡನೇ ಚರಣಕ್ಕೆ 16, ಕೊನೆಯ ಪಲ್ಲವಿಗೆ 12, ಮುಗಿಸಲು 4. ಒಂಬತ್ತು ಭಾಗ, ನಡುವೆ ಎಂಟು ಕೀಲು. 96 ಬಾರುಗಳಲ್ಲಿ ಹೆಚ್ಚಿನವನ್ನು ಸಾಫ್ಟ್‌ವೇರ್ ಕಣ್ಣುಮುಚ್ಚಿ ನುಡಿಸುತ್ತದೆ. ತಾಳ ಕೂರಿಸುವವರ ಬೆವರಿಳಿಯುವುದು ಈ ಎಂಟು ಕಡೆ.

ಪರದೆಯ ಮೇಲೆ ಪ್ರತಿ ಭಾಗವೂ ಒಂದೊಂದು ಬಣ್ಣದ ಪಟ್ಟಿ. ಈಝೀಡ್ರಮ್ಮರ್‌ನಲ್ಲಿ ಇಷ್ಟವಾದ ಒಂದು ಗ್ರೂವನ್ನು ಆರಿಸಿ ಸಾಂಗ್ ಕ್ರಿಯೇಟರಿಗೆ ಹಾಕಿದರೆ, ಅದರ ಜೊತೆಗೆ ಹೊಂದುವ ಇಂಟ್ರೋ, ವರ್ಸ್, ಕೋರಸ್, ಬ್ರಿಡ್ಜ್‌ಗಳನ್ನು ಅದೇ ಹುಡುಕಿ ಮುಂದಿಡುತ್ತದೆ. ‘ಪವರ್ ಹ್ಯಾಂಡ್’ ಎಂಬ ಸೌಕರ್ಯವೊಂದಿದೆ. ಡ್ರಮ್ಮರ್ ಬಲಗೈಯನ್ನು ಹೈ-ಹ್ಯಾಟಿನಿಂದ ರೈಡ್ ಸಿಂಬಲ್ಲಿಗೆ ಸರಿಸುವುದನ್ನು ಅದೊಂದೇ ಮಾಡಿಬಿಡುತ್ತದೆ. ನಡೆ ಅದೇ, ಬಣ್ಣ ಬೇರೆ. ಲಾಜಿಕ್‌ನ ಮೊದಲ ಡ್ರಮ್ಮರಿನಲ್ಲಿ ಒಂದು ಚೌಕವಿತ್ತು, ಚೌಕದೊಳಗೆ ಒಂದು ಹಳದಿ ಚುಕ್ಕೆ. ಚುಕ್ಕೆಯನ್ನು ಮೇಲೆಳೆದರೆ ಜೋರು, ಕೆಳಗೆಳೆದರೆ ಮೆದು. ಎಡಕ್ಕೆ ಸರಳ, ಬಲಕ್ಕೆ ಜಟಿಲ. ಜಾಮ್‌ಸ್ಟಿಕ್ಸ್ ಇನ್ನೂ ಮುಂದೆ ಹೋಗಿ ಪ್ರತಿ ಭಾಗಕ್ಕೂ ಬೇರೆ ಶೈಲಿಯನ್ನೂ ಬೇರೆ ಡ್ರಮ್ಮರನ ಸ್ವಭಾವವನ್ನೂ ಹಚ್ಚಲು ಬಿಡುತ್ತದೆ. ಇವುಗಳಿಗೆಲ್ಲ ಹಿರಿಯಣ್ಣ ಎನ್ನಬಹುದಾದ, 1990ರಲ್ಲಿ ಬಂದ ಬ್ಯಾಂಡ್-ಇನ್-ಎ-ಬಾಕ್ಸ್‌ನಲ್ಲಿ ಹಾಡಿನ ಯಾವುದೋ ಬಾರಿನ ಮೇಲೆ ‘ಎ’ ಅಥವಾ ‘ಬಿ’ ಎಂದು ಗುರುತು ಹಾಕಿದರೆ ಸಾಕು, ಅಲ್ಲಿಂದ ನಡೆ ಬದಲಾಗುತ್ತದೆ. ಅದರ ಹಿಂದಿನ ಬಾರಿನಲ್ಲಿ ಒಂದು ಫಿಲ್ ತಾನಾಗಿ ಬರುತ್ತದೆ.

ಫಿಲ್ ಎಂದು ಪುಸ್ತಕದಲ್ಲಿ ಬರೆಯುವುದನ್ನು ಮುಂಬೈಯ ಆರ್ಕೆಸ್ಟ್ರಾದವರು ‘ರೋಲ್’ ಎನ್ನುತ್ತಾರೆ. ಟಾಮ್‌ಗಳ ಮೇಲೆ ಗಡಗಡ ಇಳಿದು, ಮುಂದಿನ ಬಾರಿನ ಮೊದಲ ಬೀಟಿಗೆ ಕಿಕ್ಕೂ ಕ್ರ್ಯಾಶೂ ಒಟ್ಟಿಗೆ ಬಿದ್ದರೆ ಕೇಳುಗನಿಗೆ ಹೊಸ ಭಾಗ ಬಂತೆಂದು ಗೊತ್ತಾಗುತ್ತದೆ. ಹೊಸದಾಗಿ ಈ ಕೆಲಸಕ್ಕೆ ಇಳಿದವರು ಎಡವುವುದೂ ಇಲ್ಲೇ. ಎಂಟು ಕೀಲಿಗೂ ಎಂಟು ರೋಲ್, ಎಲ್ಲವೂ ಒಂದೊಂದು ಬಾರ್ ಉದ್ದ, ಎಲ್ಲದರ ತುದಿಗೂ ಕ್ರ್ಯಾಶ್. ಅಡಿಯ ನಡೆ ಪೇಲವ, ಮೇಲಿನ ರೋಲ್ ಮಾತ್ರ ಝಗಮಗ: ಹೊಟ್ಟೆಗೆ ಹಿಟ್ಟಿಲ್ಲ, ಜುಟ್ಟಿಗೆ ಮಲ್ಲಿಗೆ. ಅನುಭವಸ್ಥರು ಎಂಟರಲ್ಲಿ ಎರಡಕ್ಕಷ್ಟೇ ಪೂರ್ತಿ ರೋಲ್ ಕೊಡುತ್ತಾರೆ. ಉಳಿದ ಕಡೆ ಕೊನೆಯ ಅರ್ಧ ಬೀಟಿನಲ್ಲಿ ಹೈ-ಹ್ಯಾಟನ್ನು ಒಮ್ಮೆ ತೆರೆದು ಮುಚ್ಚಿದರೂ ಸಾಕು. ಒಂದೆರಡು ಕಡೆ ಏನೂ ಇಲ್ಲದೆ, ಕಿಕ್ಕನ್ನೂ ನಿಲ್ಲಿಸಿ, ಹಾಡುಗಾರನ ದನಿಯೊಂದೇ ದಾಟುವಂತೆ ಬಿಡುವುದು ಎಲ್ಲಕ್ಕಿಂತ ದೊಡ್ಡ ಜಾಣತನ.

ಇಷ್ಟಾದರೂ ಕನ್ನಡದ ಹಾಡೊಂದನ್ನು ಈ ಪಟ್ಟಿಗಳಲ್ಲಿ ತುಂಬಿಸಲು ಹೋದರೆ ಎಲ್ಲೋ ಒಂದು ಕಡೆ ಬಿಗಿಯಾಗುತ್ತದೆ. ವರ್ಸ್ ಎಂದರೆ ಚರಣ, ಕೋರಸ್ ಎಂದರೆ ಪಲ್ಲವಿ ಎಂದು ಒಂದಕ್ಕೊಂದು ಕೂಡಿಸುವುದು ವಾಡಿಕೆ. ಪಾಶ್ಚಾತ್ಯ ಪಾಪ್ ಹಾಡಿನಲ್ಲಿ ಕೋರಸ್ ಅಂದರೆ ಏರಿ ತಲುಪುವ ಶಿಖರ. ಸಾಫ್ಟ್‌ವೇರ್ ಅಲ್ಲಿಗೆ ಗದ್ದಲದ ನಡೆಯನ್ನೇ ತಂದು ಹಾಕುತ್ತದೆ. ನಮ್ಮ ಪಲ್ಲವಿ ಹಾಡಿನ ಹೊಸ್ತಿಲಲ್ಲೇ ಇರುತ್ತದೆ, ಮೆಲ್ಲಗೆ ಶುರುವಾಗುತ್ತದೆ. ನಮ್ಮಲ್ಲಿ ದನಿ ಏರುವುದು ಅನುಪಲ್ಲವಿಯಲ್ಲಿ, ಇಲ್ಲವೆ ಚರಣದ ಕೊನೆಯ ಸಾಲಿನಲ್ಲಿ. ಹಿಂದಿ ಚಿತ್ರಗೀತೆಯವರು ‘ಕ್ರಾಸ್ ಲೈನ್’ ಎಂದು ಕರೆಯುವ, ಅಂತರಾದಿಂದ ಮುಖಡಾಕ್ಕೆ, ಅಂದರೆ ಚರಣದಿಂದ ಪಲ್ಲವಿಗೆ, ಮರಳಿ ಕೈಹಿಡಿದು ಕರೆತರುವ ಸಾಲು ಅದು. ಪಲ್ಲವಿಗೆ ಕೋರಸ್ ಪಟ್ಟಿ ಹಚ್ಚಿದ ಭಾವಗೀತೆಯಲ್ಲಿ ಮೊದಲ ಪದಕ್ಕೇ ಸಿಂಬಲ್‌ಗಳು ಮುಗಿಬೀಳುತ್ತವೆ. ಏನೂ ಹೇಳುವ ಮೊದಲೇ ಹಾಡು ಕಿರುಚಿದಂತಾಗುತ್ತದೆ.

ಎತ್ತುಗಡೆಯದು ಇನ್ನೊಂದು ತೊಡಕು. ಚೆಂಬೂರಿನ ಫೈನ್ ಆರ್ಟ್ಸ್ ಸೊಸೈಟಿಯ ಶಿವಸ್ವಾಮಿ ಸಭಾಂಗಣದಲ್ಲಿ ಕರ್ನಾಟಕ ಸಂಗೀತ ಕೇಳಿದವರಿಗೆ ಗೊತ್ತಿರುವಂತೆ ಆದಿತಾಳದ ಎಷ್ಟೋ ಕೃತಿಗಳು ಸಮದಲ್ಲಿ, ಅಂದರೆ ಆವರ್ತದ ಮೊದಲ ಏಟಿನಲ್ಲಿ, ಆರಂಭವಾಗುವುದಿಲ್ಲ. ಅರ್ಧ ಅಕ್ಷರ, ಒಂದೂವರೆ ಅಕ್ಷರ ಬಿಟ್ಟು ಸಾಹಿತ್ಯ ಹೊರಡುತ್ತದೆ. ಮೃದಂಗದವರು ಅನುಪಲ್ಲವಿ ಬಂದಾಗ ನಡೆ ಬದಲಿಸುವುದು ತಾಳದ ಗೆರೆ ನೋಡಿಯಲ್ಲ, ಹಾಡುಗಾರರ ಎತ್ತುಗಡೆ ನೋಡಿ. ಸಾಫ್ಟ್‌ವೇರಿಗೆ ಮಾತ್ರ ಪ್ರತಿ ಪಟ್ಟಿಯೂ ಬಾರಿನ ಗೆರೆಯಲ್ಲೇ ಶುರುವಾಗಬೇಕು. ಸಾಲಿನ ಮೊದಲ ಪದ ಗೆರೆಗಿಂತ ಮುಂಚೆ ಬಂದರೆ ರೋಲಿನ ಸದ್ದು ಆ ಪದವನ್ನು ನುಂಗುತ್ತದೆ. ತಡವಾಗಿ ಬಂದರೆ ಕ್ರ್ಯಾಶ್ ಬಿದ್ದ ಮೇಲೆ ಒಂದು ಪೊಳ್ಳು ಉಳಿಯುತ್ತದೆ. ಮದ್ದು ಸುಲಭ, ಆದರೆ ಕೈಯಿಂದಲೇ ಮಾಡಬೇಕು. ಪಟ್ಟಿಯನ್ನು ಕತ್ತರಿಸಿ ಅರ್ಧ ಬಾರ್ ಆಚೀಚೆ ಸರಿಸಬೇಕು, ಕ್ರ್ಯಾಶನ್ನು ಸಮದಿಂದ ಕಿತ್ತು ಸಾಹಿತ್ಯದ ಒತ್ತಕ್ಷರದ ಮೇಲೆ ನೆಡಬೇಕು.

ತಾಳವೇ ಬದಲಾದಾಗ ಏನಾಗುತ್ತದೆ? ಪಲ್ಲವಿ ಎಂಟು ಮಾತ್ರೆಯ ಕೆಹರ್ವಾ, ಎಂ ಟೂ ಬಂದೊಡನೆ ಆರು ಮಾತ್ರೆಯ ದಾದ್ರಾ ಎಂದಿಟ್ಟುಕೊಳ್ಳಿ. ಪರದೆಯಲ್ಲಿ ನಾಲ್ಕು-ನಾಲ್ಕನ್ನು ಅಳಿಸಿ ಆರು-ಎಂಟು ಎಂದು ಬರೆದರೆ ಮುಗಿಯಿತು ಎಂದುಕೊಂಡವರಿಗೆ ಒಂದು ಹೊಡೆತ ಕಾದಿರುತ್ತದೆ. ಹೆಚ್ಚಿನ ಸಾಫ್ಟ್‌ವೇರ್‌ಗಳು ವೇಗವನ್ನು ಕ್ವಾರ್ಟರ್ ನೋಟ್‌ನಲ್ಲಿ ಅಳೆಯುತ್ತವೆ. 96 ಎಂದು ಬರೆದಿಟ್ಟರೆ ಅದರ ಅರ್ಧದ ನೋಟುಗಳು ನಿಮಿಷಕ್ಕೆ 192. ದಾದ್ರಾದಲ್ಲಿ ಅಂಥ ಮೂರು ಸೇರಿ ಒಂದು ತಟ್ಟು. 192ನ್ನು ಮೂರರಿಂದ ಭಾಗಿಸಿದರೆ 64. ಅಂದರೆ ಕೇಳುಗನ ಕಾಲು ನಿಮಿಷಕ್ಕೆ 96 ಬಾರಿ ತಟ್ಟುತ್ತಿದ್ದದ್ದು ಏಕಾಏಕಿ 64ಕ್ಕೆ ಇಳಿದು ಹಾಡು ಕುಸಿದು ಕೂರುತ್ತದೆ. ತಟ್ಟು 96ರಲ್ಲೇ ಇರಬೇಕೆಂದರೆ ಟೆಂಪೋ ಪಟ್ಟಿಯಲ್ಲಿ ಆ ಬಾರಿಗೆ 144 ಎಂದು ಬರೆಯಬೇಕು, ಕೆಹರ್ವಾಕ್ಕೆ ಮರಳುವಾಗ ಮತ್ತೆ 96. ತಬಲಾದವರು ಇದನ್ನೆಲ್ಲ ಬರೆಯದೆ, ಭಾಗಿಸದೆ ಮಾಡುತ್ತಾರೆ; ಅವರ ಕೈಗೆ ತಟ್ಟು ಗೊತ್ತು. ಯಂತ್ರಕ್ಕೆ ಅಂಕಿಯೊಂದೇ ಗೊತ್ತು.

ಅಂಕಿಯ ಮಾತು ಬಂತೆಂದರೆ ಸುಳಾದಿಯನ್ನು ನೆನೆಯದೆ ಇರಲಾಗದು. ಭಾಗಕ್ಕೊಂದು ತಾಳ ಕಟ್ಟುವ ಈ ವಿದ್ಯೆ ಸ್ವೀಡನ್ನಿನಿಂದ ಬಂದದ್ದೇನೂ ಅಲ್ಲ. ಹರಿದಾಸರು ಇದನ್ನು ಐದು ಶತಮಾನಗಳ ಹಿಂದೆಯೇ ಕನ್ನಡದಲ್ಲಿ ಮಾಡಿಟ್ಟರು. ಶ್ರೀಪಾದರಾಜರು, ವ್ಯಾಸರಾಯರು, ಪುರಂದರದಾಸರು, ಮುಂದೆ ವಿಜಯದಾಸರು ರಚಿಸಿದ ಸುಳಾದಿಗಳಲ್ಲಿ ಒಂದು ನುಡಿ ಧ್ರುವತಾಳಕ್ಕಾದರೆ ಮುಂದಿನದು ಮಠ್ಯಕ್ಕೆ, ಆಮೇಲೆ ರೂಪಕ, ಝಂಪೆ, ತ್ರಿಪುಟ, ಅಟ್ಟ, ಏಕ. ಕೊನೆಗೆ ಎರಡು ಸಾಲಿನ ಜತೆ. ಇಂದು ಪಾಠ ಹೇಳುವ ಕ್ರಮದಲ್ಲಿ ಈ ಏಳು ತಾಳಗಳ ಅಕ್ಷರ 14, 10, 6, 10, 7, 14, 4. ಒಂದೊಂದು ಆವರ್ತ ಕೂಡಿದರೆ 65. ಇವನ್ನು ಸಾಫ್ಟ್‌ವೇರಿನ ಪಟ್ಟಿಗಳಿಗೆ ಏರಿಸಿ ನೋಡಿದರೆ ಮೋಜು ಗೊತ್ತಾಗುತ್ತದೆ. ಧ್ರುವಕ್ಕೂ 14, ಅಟ್ಟಕ್ಕೂ 14. ಪರದೆಗೆ ಎರಡೂ ಒಂದೇ. ಒಳಗಿನ ಕಟ್ಟು ಮಾತ್ರ ಪೂರಾ ಬೇರೆ: ಧ್ರುವದ್ದು ನಾಲ್ಕು, ಎರಡು, ನಾಲ್ಕು, ನಾಲ್ಕು, ಅಟ್ಟದ್ದು ಐದು, ಐದು, ಎರಡು, ಎರಡು. ಮಠ್ಯವೂ ಝಂಪೆಯೂ ತಲಾ ಹತ್ತು. ಒಂದು ನಾಲ್ಕು-ಎರಡು-ನಾಲ್ಕು, ಇನ್ನೊಂದು ಏಳು-ಒಂದು-ಎರಡು. ಕಿಕ್ಕನ್ನು ಎಲ್ಲಿಡಬೇಕು, ಸ್ನೇರನ್ನು ಎಲ್ಲಿಡಬೇಕು ಎಂಬುದನ್ನು ಬಾರಿನ ಉದ್ದ ಹೇಳುವುದಿಲ್ಲ. ಛೇಡಾನಗರದ ಸುಬ್ರಹ್ಮಣ್ಯ ಮಠವಿರುವ ಚೆಂಬೂರಿನಲ್ಲಿ ದಾಸರ ಪದಗಳಿಗೆ ಕೊರತೆಯಿಲ್ಲ. ಟ್ರ್ಯಾಕ್ ಮಾಡುವವರು ಒಂದು ಸುಳಾದಿಯನ್ನು ಕೈಗೆತ್ತಿಕೊಂಡರೆ ಯಾವ ಟ್ಯುಟೋರಿಯಲ್ಲೂ ಕಲಿಸದ ಪಾಠ ಅದರಲ್ಲಿ ಸಿಕ್ಕೀತು.

ಚೆಂಬೂರಿಗೆ ಈ ವಿದ್ಯೆಯ ಇನ್ನೊಂದು ಪರಂಪರೆಯೂ ಇದೆ. ರಾಜ್ ಕಪೂರ್ 1948ರಲ್ಲಿ ಕಟ್ಟಲು ಹೊರಟ ಆರ್.ಕೆ. ಸ್ಟುಡಿಯೋ ಇದ್ದದ್ದು ಇಲ್ಲೇ. 1951ರ ‘ಆವಾರಾ’ದ ಕನಸಿನ ದೃಶ್ಯ ತಯಾರಾದದ್ದು ಅದರ ಫ್ಲೋರಿನಲ್ಲಿ. ಸುಮಾರು ಒಂಬತ್ತು ನಿಮಿಷದ ಆ ದೃಶ್ಯದಲ್ಲಿ ಶಂಕರ್-ಜೈಕಿಶನ್ ಕಟ್ಟಿದ್ದು ಒಂದು ಹಾಡಲ್ಲ, ಒಂದರೊಳಗೊಂದು ಸೇರಿಕೊಂಡ ಭಾಗಗಳ ಸರಪಳಿ. ಹೊಗೆಯ ನಡುವೆ ನಿಧಾನಕ್ಕೆ ಎಳೆಯುವ ಕರೆ, ನಂತರ ನರಕದ ಅಬ್ಬರದ ಕೋರಸ್, ಕೊನೆಗೆ ಮ್ಯಾಂಡೋಲಿನ್ನಿನ ಜೊತೆ ಕುಣಿಯುತ್ತ ಬರುವ ಢೋಲಕ್. ಆ ಢೋಲಕ್ಕನ್ನು ಬಾರಿಸಿದವರು ಲಾಲಾ ಗಂಗಾವಣೆ ಎಂದು ಸಿನಿಮಾ ವಾದಕರು ಇಂದಿಗೂ ನೆನೆಯುತ್ತಾರೆ. ಢೋಲಕ್ ಕಾಲಿಟ್ಟ ಕ್ಷಣ ಸಂತೋಷ ಬಂತೆಂದು ಯಾರೂ ಹೇಳಬೇಕಾಗುವುದಿಲ್ಲ. ಅದಕ್ಕೆ ಮುಂಚೆ ಅಷ್ಟು ಹೊತ್ತು ಢೋಲಕ್ಕನ್ನು ತಡೆದಿಟ್ಟದ್ದೇ ಅದರ ಬಲ. ಇಂದಿನ ಪರದೆಯ ಭಾಷೆಯಲ್ಲಿ ಹೇಳುವುದಾದರೆ ಆ ಪಟ್ಟಿಯನ್ನು ಕೊನೆಯವರೆಗೂ ಮ್ಯೂಟ್ ಮಾಡಿಟ್ಟಿದ್ದರು.

ಶಂಕರ್-ಜೈಕಿಶನ್ ಪಾಳಯದಲ್ಲಿ ಕೆಲಸ ಹಂಚಿಕೆಯಾಗಿತ್ತು. ಪಿಟೀಲು, ಬ್ರಾಸ್ ಇತ್ಯಾದಿಗಳ ಅರೇಂಜ್‌ಮೆಂಟ್ ಗೋವಾದ ಸೆಬಾಸ್ಟಿಯನ್ ಡಿಸೋಜಾ ಅವರದು, ರಿದಮ್ ವಿಭಾಗ ದತ್ತಾರಾಮ್ ವಾಡ್ಕರ್ ಅವರದು. ದತ್ತಾರಾಮ್ ಅವರ ಢೋಲಕ್ ನಡೆಗೆ ಮುಂಬೈಯ ವಾದಕರಲ್ಲಿ ಇವತ್ತಿಗೂ ‘ದತ್ತಾರಾಮ್ ಠೇಕಾ’ ಎಂದೇ ಹೆಸರು. ಸಾಫ್ಟ್‌ವೇರಿನ ಲೈಬ್ರರಿಯಲ್ಲಿ ನಡೆಗಳಿಗೆ ಡ್ರಮ್ಮರುಗಳ ಹೆಸರಿಡುವ ಚಾಳಿ ಬರುವುದಕ್ಕೆ ಎಷ್ಟೋ ವರ್ಷ ಮೊದಲಿನ ಮಾತಿದು. ರಾಜ್ ಕಪೂರ್ ನಿರ್ಮಿಸಿದ ‘ಅಬ್ ದಿಲ್ಲಿ ದೂರ್ ನಹೀಂ’ ಚಿತ್ರದಿಂದ, 1957ರಲ್ಲಿ, ಅವರು ಸ್ವತಂತ್ರ ಸಂಗೀತ ನಿರ್ದೇಶಕರೂ ಆದರು. ಆಗಿನ ಧ್ವನಿಮುದ್ರಣದಲ್ಲಿ ಹಾಡುಗಾರರು, ವಾದಕರು ಎಲ್ಲರೂ ಒಟ್ಟಿಗೆ. ಎಂ ಒನ್‌ನಿಂದ ಅಂತರಾಕ್ಕೆ ದಾಟುವಲ್ಲಿ ಕಾಂಗೋ ಬಾರಿಸುವವನೊಬ್ಬ ತಪ್ಪಿದರೆ ಇಡೀ ಹಾಡು ಮೊದಲಿನಿಂದ. ಕೀಲಿನ ಬೆಲೆ ಆ ಮಂದಿಗೆ ಗೊತ್ತಿದ್ದದ್ದು ಹಾಗೆ. 2017ರ ಸೆಪ್ಟೆಂಬರಿನ ಬೆಂಕಿಯಲ್ಲಿ ಆರ್.ಕೆ.ಯ ಮುಖ್ಯ ಫ್ಲೋರ್ ಸುಟ್ಟುಹೋಯಿತು. 2019ರಲ್ಲಿ ಜಾಗವನ್ನು ಗೋದ್ರೆಜ್ ಪ್ರಾಪರ್ಟೀಸ್ ಕೊಂಡಿತು.

ಇದೇ ಚೆಂಬೂರಿನಲ್ಲಿ ಬೆಳೆದ ಶಂಕರ್ ಮಹಾದೇವನ್ 1998ರಲ್ಲಿ ಹಾಡಿದ ‘ಬ್ರೆತ್‌ಲೆಸ್’ ಈ ಪಟ್ಟಿಗಳ ವ್ಯವಸ್ಥೆಯನ್ನೇ ಅಣಕಿಸುವಂತಿದೆ. ಹಾಡುಗಾರ ನಿಲ್ಲುವ ಜಾಗವೇ ಇಲ್ಲದಂತೆ ಕಟ್ಟಿದ ಹಾಡಿಗೆ ಎಲ್ಲಿ ವರ್ಸ್ ಎಂದು ಗೆರೆ ಎಳೆಯುವುದು?

ಭಾಗಕ್ಕೊಂದು ನಡೆ ಎಂಬುದನ್ನೇ ಪೂರ್ತಿ ತಿರುವಿಹಾಕಿದ ಉದಾಹರಣೆಯೂ ಮುಂಬೈಯದೇ. ಚಿತ್ರಸಂಗೀತದ ಸೆಷನ್ ವಾದಕ ಚರಣ್‌ಜಿತ್ ಸಿಂಗ್ ಸಿಂಗಾಪುರದಿಂದ ರೋಲ್ಯಾಂಡ್ ಕಂಪನಿಯ ಮೂರು ಯಂತ್ರ ತಂದರು: ಜುಪಿಟರ್-8, ಟಿಬಿ-303, ಟಿಆರ್-808. 1982ರಲ್ಲಿ ಅವರು ಮಾಡಿದ ‘ಟೆನ್ ರಾಗಾಸ್ ಟು ಎ ಡಿಸ್ಕೋ ಬೀಟ್’ ರೆಕಾರ್ಡ್ ಅಂದು ಯಾರ ಗಮನಕ್ಕೂ ಬಾರದೆ ಹೋಯಿತು. 2010ರಲ್ಲಿ ಅದನ್ನು ಯುರೋಪಿನಲ್ಲಿ ಮರುಬಿಡುಗಡೆ ಮಾಡಿದಾಗ ಪಾಶ್ಚಾತ್ಯ ಕೇಳುಗರು ಬೆರಗಾದರು. ಶಿಕಾಗೋದಲ್ಲಿ 1987ರ ಸುಮಾರಿಗೆ ಹುಟ್ಟಿತೆಂದು ಅವರು ನಂಬಿದ್ದ ಆಸಿಡ್ ಹೌಸ್ ಎಂಬ ನೃತ್ಯಸಂಗೀತದ ಸದ್ದು ಇಲ್ಲಿ ಐದು ವರ್ಷ ಮುಂಚೆಯೇ ಇತ್ತು. ಚರಣ್‌ಜಿತ್ ತೀರಿಕೊಂಡದ್ದು 2015ರಲ್ಲಿ. ಆ ಮೂರರಲ್ಲಿ ತಾಳ ನುಡಿಸುವ ಟಿಆರ್-808ರಲ್ಲಿ ನಡೆ ಬದಲಿಸಲು ಸೌಕರ್ಯ ಇರಲಿಲ್ಲವೇ? ಬೇಕಾದಷ್ಟಿತ್ತು. 32 ನಡೆಗಳನ್ನು ಬರೆದಿಟ್ಟು 768 ಬಾರುಗಳವರೆಗೆ ಪೋಣಿಸಬಹುದಿತ್ತು, ಇಂಟ್ರೋ ಮತ್ತು ಫಿಲ್‌ಗೆಂದೇ ಬೇರೆ ಜಾಗವಿತ್ತು. ಇಷ್ಟಿದ್ದೂ ಆ ರೆಕಾರ್ಡಿನಲ್ಲಿ ತಾಳ ಹೆಚ್ಚುಕಡಿಮೆ ಒಂದೇ ಓಟದಲ್ಲಿ ಸಾಗುತ್ತದೆ. ಭೈರವ, ಲಲಿತ, ಭೂಪಾಲಿ ಮೇಲೆ ಬದಲಾಗುತ್ತ ಹೋಗುತ್ತವೆ. ಬದಲಾವಣೆಯ ಹೊರೆಯೆಲ್ಲ ರಾಗದ ಮೇಲೆ, ತಾಳ ನೆಲದ ಹಾಗೆ ಕದಲದೆ ನಿಂತಿದೆ. ಹತ್ತು ರಾಗಕ್ಕೆ ಹತ್ತು ತಾಳ ಜೋಡಿಸಿದ್ದರೆ ಅದು ಮಾಮೂಲಿ ವಾದ್ಯಸಂಗೀತದ ಇನ್ನೊಂದು ರೆಕಾರ್ಡಾಗಿ ಮೂಲೆ ಸೇರುತ್ತಿತ್ತೇನೋ. ನಡೆಯನ್ನು ಬದಲಿಸದೇ ಇರುವುದೂ ಒಂದು ತೀರ್ಮಾನ. ಆದರೆ ತಿಳಿದು ಮಾಡಿದ ತೀರ್ಮಾನವಾಗಿರಬೇಕು.

ಬೀದಿಯಲ್ಲಿ ಇದೇ ಸೂತ್ರವನ್ನು ಬ್ಯಾಂಜೊ ಪಾರ್ಟಿಯವರು ಪಾಲಿಸುತ್ತಾರೆ. ಗಣಪತಿ ವಿಸರ್ಜನೆಯ ದಿನ ಚೆಂಬೂರಿನ ಚರಾಯಿ ಕೆರೆಯತ್ತ ಸಾಗುವ ಮೆರವಣಿಗೆಗಳ ನಡುವೆ ನಿಂತರೆ ಕೇಳಬಹುದು. ಮೈಕಿಗೆ ಜೋಡಿಸಿದ ಬುಲ್‌ಬುಲ್ ತರಂಗವೇ ಅವರ ಬ್ಯಾಂಜೊ, ಜೊತೆಗೆ ಢೋಲಕಿ, ತಾಶಾ, ಕೀಬೋರ್ಡ್, ಆಕ್ಟೋಪ್ಯಾಡ್. ಕೋಳಿ ಮೀನುಗಾರರ ಗೀತೆಯಿಂದ ಸಿನಿಮಾ ಹಾಡಿಗೆ, ಅಲ್ಲಿಂದ ಆರತಿಗೆ ಜಿಗಿಯುತ್ತಾರೆ, ತಾಳ ಮಾತ್ರ ಒಂದು ಕ್ಷಣವೂ ನಿಲ್ಲುವುದಿಲ್ಲ. ನಿಂತರೆ ಕುಣಿಯುವವರೂ ನಿಲ್ಲುತ್ತಾರೆ. ಆಕ್ಟೋಪ್ಯಾಡ್ ಎಂಬುದು ರೋಲ್ಯಾಂಡಿನ ಎಂಟು ರಬ್ಬರ್ ಚೌಕಗಳ ಪೆಟ್ಟಿಗೆ. 1980ರ ದಶಕದಲ್ಲಿ ಬಂದ ಅದು ಭಾರತದ ಆರ್ಕೆಸ್ಟ್ರಾಗಳಲ್ಲಿ ಎಷ್ಟು ಬೇರೂರಿತೆಂದರೆ ಯಾವ ಕಂಪನಿಯ ಪ್ಯಾಡ್ ಆದರೂ ಜನರ ಬಾಯಲ್ಲಿ ಆಕ್ಟೋಪ್ಯಾಡೇ. ಕೀಬೋರ್ಡಿನದೂ ಅದೇ ಕಥೆ. ಯಮಾಹಾ ಭಾರತಕ್ಕೆಂದೇ ತಂದ ಪಿಎಸ್‌ಆರ್-ಐ ಸರಣಿಯಲ್ಲಿ ತಬಲಾ, ಢೋಲಕ್ ಸ್ಟೈಲುಗಳಿವೆ. ಇಂಟ್ರೋ, ಮೇನ್, ಎಂಡಿಂಗ್ ಎಂದು ಸಾಲಾಗಿ ಗುಂಡಿಗಳಿವೆ. ಎಡಗೈ ಕಾರ್ಡ್ ಹಿಡಿದಿರುವಾಗಲೇ ಬಲಗೈ ಸರಕ್ಕನೆ ಹೋಗಿ ಗುಂಡಿ ಒತ್ತಿ ಬರುತ್ತದೆ. ಗುಂಡಿಯನ್ನು ಅರ್ಧ ಬೀಟ್ ತಡಮಾಡಿ ಒತ್ತಿದರೂ ಫಿಲ್ ಮುಂದಿನ ಬಾರಿಗೆ ಜಾರಿ ಹಾಡುಗಾರ ಬೆಪ್ಪಾಗುತ್ತಾನೆ. ಲ್ಯಾಪ್‌ಟಾಪ್ ಮುಂದೆ ಕೂತವನಿಗೆ ಈ ಭಯವಿಲ್ಲ. ಬಹುಶಃ ಅದಕ್ಕೇ ಅವನು ಕೀಲಿನ ಬಗ್ಗೆ ಅಷ್ಟು ತಲೆ ಕೆಡಿಸಿಕೊಳ್ಳುವುದೂ ಇಲ್ಲ.

ಯಕ್ಷಗಾನದವರಿಗೆ ಈ ಉದಾಸೀನ ಸಾಧ್ಯವೇ ಇಲ್ಲ. ಕರಾವಳಿಯಿಂದ ಬಂದವರು ಮುಂಬೈಯಲ್ಲಿ ಕಟ್ಟಿ ಬೆಳೆಸಿದ ಮಂಡಳಿಗಳ ಆಟದಲ್ಲಿ ಭಾಗವತರು ಪದ್ಯ ಎತ್ತಿದ ಕೂಡಲೇ ಮದ್ದಲೆಯವರಿಗೆ ತಾಳ ಗೊತ್ತಾಗಬೇಕು: ಏಳರ ತ್ರಿವುಡೆಯೋ, ಹತ್ತರ ಝಂಪೆಯೋ, ಹದಿನಾಲ್ಕರ ಅಷ್ಟವೋ. ಶೃಂಗಾರ ಅಥವಾ ಕರುಣದ ಪದ್ಯಕ್ಕೆ ಮದ್ದಲೆ ಮಾತ್ರ, ವೀರರಸ ಬಂತೆಂದರೆ ಚೆಂಡೆ. ಬಲಗೈಯನ್ನು ಹೈ-ಹ್ಯಾಟಿನಿಂದ ರೈಡಿಗೆ ಸರಿಸುವ ಆ ‘ಪವರ್ ಹ್ಯಾಂಡ್’ನ ಕೆಲಸವನ್ನು ಇಲ್ಲಿ ಎರಡು ವಾದ್ಯ, ಇಬ್ಬರು ಕಲಾವಿದರು ಮಾಡುತ್ತಾರೆ. ಸಾಲು ಮುಗಿದಲ್ಲಿ ಬಿಡ್ತಿಗೆ, ಬಿಡ್ತಿಗೆಯನ್ನು ಕಟ್ಟಿ ನಿಲ್ಲಿಸಲು ಮುಕ್ತಾಯ. ವೇಷಧಾರಿಯ ಹೆಜ್ಜೆ ಮುಗಿಯುವುದೂ ಅಲ್ಲೇ. ಅಲ್ಲಿ ರೋಲ್ ಅಲಂಕಾರಕ್ಕೆ ಬರುವುದಲ್ಲ. ಅದು ಬಾರದಿದ್ದರೆ ವೇಷಕ್ಕೆ ಕಾಲು ನಿಲ್ಲಿಸಲು ನೆಲವಿಲ್ಲ.

ಹಿಂದುಸ್ತಾನಿಯವರ ತಿಹಾಯಿಯನ್ನು ಸಾಫ್ಟ್‌ವೇರಿನಲ್ಲಿ ಕೂರಿಸಲು ಹೋದವರಿಗೆ ಮೂಲ ತೊಡಕು ಎಲ್ಲಿದೆ ಎಂಬುದು ಕಣ್ಣಿಗೇ ಕಾಣುತ್ತದೆ. ಹದಿನಾರರ ಒಂದು ಸುತ್ತು. ಐದು ಏಟಿನ ಒಂದು ತುಂಡು, ಒಂದು ಬಿಡುವು, ಮತ್ತೆ ಐದು, ಒಂದು ಬಿಡುವು, ಮತ್ತೆ ಐದು. ಕೂಡಿದರೆ ಹದಿನೇಳು. ಆ ಹದಿನೇಳನೆಯ ಏಟು ಬೀಳುವುದು ಮುಂದಿನ ಸುತ್ತಿನ ಸಮದ ಮೇಲೆ, ತಿಹಾಯಿಯ ಸೊಗಸೆಲ್ಲ ಅಲ್ಲೇ. ಪರದೆಯಲ್ಲಾದರೋ ಹದಿನಾರಕ್ಕೆ ಪಟ್ಟಿ ಮುಗಿಯಿತು. ತುಂಡನ್ನು ನಕಲು ಮಾಡಿ ಇನ್ನೊಂದು ಕಡೆ ಅಂಟಿಸಿದರೆ ಕೊನೆಯ ಏಟು ಹಿಂದೆಯೇ ಉಳಿದುಬಿಡುತ್ತದೆ, ತಿಹಾಯಿ ಬಾಯಿ ತೆರೆದುಕೊಂಡು ನಿಲ್ಲುತ್ತದೆ. ಪಾಶ್ಚಾತ್ಯ ಫಿಲ್‌ಗೂ ಇದೇ ಗುಣವಿದೆ, ಅದರ ಕ್ರ್ಯಾಶ್ ಕೂಡ ಮುಂದಿನ ಪಟ್ಟಿಯ ಸ್ವತ್ತು. ಸಾಫ್ಟ್‌ವೇರ್ ಮಾಡಿದವರು ಅದನ್ನು ಅರಿತು ಮುಂದಿನ ಪಟ್ಟಿಯ ತಲೆಗೆ ಕ್ರ್ಯಾಶನ್ನು ತಾವೇ ಇಡುವ ವ್ಯವಸ್ಥೆ ಮಾಡಿಕೊಂಡಿದ್ದಾರೆ. ತಿಹಾಯಿಯ, ಮುಕ್ತಾಯದ ಕೊನೆಯ ಏಟನ್ನು ಮಾತ್ರ ನಾವೇ ಕೈಯಿಂದ ಇಡಬೇಕು.

ಹಾಗೆಂದು ನಮ್ಮವರು ಯಂತ್ರದ ಕಡೆ ತಲೆಹಾಕಿಲ್ಲ ಎನ್ನುವಂತಿಲ್ಲ. 1959ರಲ್ಲಿ ಅಮೆರಿಕದ ವುರ್ಲಿಟ್ಸರ್ ಕಂಪನಿ ವಾಲ್ಟ್ಸ್, ಫಾಕ್ಸ್‌ಟ್ರಾಟ್ ನುಡಿಸುವ ‘ಸೈಡ್‌ಮನ್’ ಪೆಟ್ಟಿಗೆ ಮಾಡಿತು. ಎರಡು ದಶಕ ಕಳೆಯುವಷ್ಟರಲ್ಲಿ ಬೆಂಗಳೂರಿನ ಜಿ. ರಾಜ್ ನಾರಾಯಣ್ ಎಲೆಕ್ಟ್ರಾನಿಕ್ ಶ್ರುತಿ ಉಪಕರಣಗಳನ್ನು ಕಟ್ಟಲು ಶುರುಮಾಡಿದರು. ಸ್ವತಃ ಕೊಳಲು ವಾದಕರಾದ ಅವರ ರಾಡೆಲ್ ಸಂಸ್ಥೆಯ ‘ತಾಲ್‌ಮಾಲಾ’ ತಬಲಾ ಪೆಟ್ಟಿಗೆ ಎಷ್ಟೋ ಮನೆಗಳಲ್ಲಿ ರಿಯಾಜಿಗೆ ಜೊತೆಗಾರ. ಫೋನಿಗೆ ಐತಬಲಾ ಪ್ರೊ ಬಂತು, ಕಂಪ್ಯೂಟರಿಗೆ ಸ್ವರ್‌ಪ್ಲಗ್ ಬಂತು. ಆದರೆ ರಿಯಾಜಿನ ಪೆಟ್ಟಿಗೆಯ ಧರ್ಮವೇ ಬೇರೆ. ಅದು ಒಂದೇ ಠೇಕಾವನ್ನು ಬೇಸರವಿಲ್ಲದೆ ಸುತ್ತುತ್ತಿರಬೇಕು, ಹಾಡುಗಾರನ ಮನಸ್ಸನ್ನು ಓದಬಾರದು. ಹಾಡು ಕಟ್ಟುವ ಸಾಫ್ಟ್‌ವೇರಿಗೆ ಬೇಕಾದದ್ದು ಇದರ ತದ್ವಿರುದ್ಧ ಗುಣ. ಎರಡರ ನಡುವಿನ ಈ ತೆರಪಿನಲ್ಲೇ ಕನ್ನಡದ ಟ್ರ್ಯಾಕ್ ಮಾಡುವವರು ಒದ್ದಾಡುತ್ತಿರುವುದು. ಠೇಕಾ ಒಂದು ಕಡೆ ಸಿಗುತ್ತದೆ, ಭಾಗ ಜೋಡಿಸುವ ಹಲಗೆ ಇನ್ನೊಂದು ಕಡೆ. ಕೀಲು ಎರಡೂ ಕಡೆ ಇಲ್ಲ.

ಈ ಕೊರತೆಯನ್ನು ತುಂಬಲು ದೊಡ್ಡ ಕಂಪನಿಗಳತ್ತ ಮುಖ ಮಾಡಿ ಕೂರಬೇಕಾದ್ದಿಲ್ಲ. ಚೆಂಬೂರು ಕರ್ನಾಟಕ ಸಂಘದ ಆಸುಪಾಸಿನಲ್ಲೇ ಮದ್ದಲೆ ಬಲ್ಲವರು, ಚೆಂಡೆ ಬಲ್ಲವರು, ಭಜನಾ ಮಂಡಳಿಗಳಲ್ಲಿ ತಬಲಾ ನುಡಿಸುವವರು ಸಿಗುತ್ತಾರೆ. ಟ್ರ್ಯಾಕ್ ಮಾಡುವವರು ಅವರನ್ನು ಒಂದು ಭಾನುವಾರ ಮೈಕಿನ ಮುಂದೆ ಕೂರಿಸಿ, ಠೇಕಾಗಳನ್ನು ಬಿಟ್ಟು, ಬರೀ ಬಿಡ್ತಿಗೆ, ಮುಕ್ತಾಯ, ತಿಹಾಯಿಗಳನ್ನೇ ನುಡಿಸಿಕೊಳ್ಳಲಿ. ಪ್ರತಿಯೊಂದನ್ನೂ ಮುಂದಿನ ಸಮದ ಏಟಿನ ಸಮೇತ ಕತ್ತರಿಸಿ, ತಾಳದ ಹೆಸರು ಮತ್ತು ವೇಗ ಬರೆದು, ನುಡಿಸಿದವರ ಒಪ್ಪಿಗೆ ಪಡೆದು ಅವರ ಹೆಸರಿನೊಂದಿಗೆ ಎಲ್ಲರಿಗೂ ಸಿಗುವಂತೆ ಇಡಲಿ. ಹೈಡ್ರೋಜನ್ ವಿಂಡೋಸ್, ಮ್ಯಾಕ್, ಲಿನಕ್ಸ್ ಮೂರರಲ್ಲೂ ಉಚಿತವಾಗಿ ಸಿಗುತ್ತದೆ. ಅದರಲ್ಲಿ ನಡೆಯ ಉದ್ದವನ್ನು ಏಳಕ್ಕೂ ಹತ್ತಕ್ಕೂ ಹದಿನಾಲ್ಕಕ್ಕೂ ಹೊಂದಿಸಿಕೊಳ್ಳಬಹುದು, ಸಾಂಗ್ ಎಡಿಟರಿನಲ್ಲಿ ಸಾಲಾಗಿ ಪೋಣಿಸಬಹುದು. ತ್ರಿವುಡೆಯ ಏಳರಿಂದ ಶುರು ಮಾಡುವುದು ಒಳ್ಳೆಯದು.